ದುಡಿಯುವ ಬಸುರಿಯ ಹಕ್ಕು: ಎಂಟಾಣೆಯಿಂದ ಇಪ್ಪತ್ತಾರು ವಾರದವರೆಗೆ

1928ನೆಯ ಇಸವಿ ಜುಲೈ 28ರಂದು ಮುಂಬಯಿ ಪ್ರಾಂತದ ಶಾಸನಸಭೆಯಲ್ಲಿ ಒಂದು ಚಿಕ್ಕ ಮಸೂದೆಯ ಮೇಲೆ ಚರ್ಚೆ ನಡೆಯಿತು. ಕಾರ್ಖಾನೆಯಲ್ಲಿ ದುಡಿಯುವ ಹೆಂಗಸಿಗೆ ಹೆರಿಗೆಯ ಮುಂಚೆ ಕೆಲವು ವಾರ, ಹೆರಿಗೆಯಾದ ಮೇಲೆ ಕೆಲವು ವಾರ ವಿಶ್ರಾಂತಿ ಸಿಗಬೇಕು, ಆ ದಿನಗಳಿಗೆ ಮಾಲೀಕನು ಅವಳಿಗೆ ಇಂತಿಷ್ಟು ಹಣ ಕೊಡಬೇಕು ಎಂಬುದು ಮಸೂದೆಯ ತಿರುಳು. ಆಗ 37 ವರ್ಷದವರಾಗಿದ್ದ ಡಾ. ಬಿ. ಆರ್. ಅಂಬೇಡ್ಕರ್ ಸಭೆಯ ನಾಮಕರಣ ಸದಸ್ಯರಾಗಿದ್ದರು. ಅವರು ಎದ್ದು ನಿಂತು ಮಸೂದೆಯನ್ನು ಸಮರ್ಥಿಸಿದರು.

ಅವರ ವಾದದಲ್ಲಿ ಎರಡು ಮಾತುಗಳಿದ್ದವು. ಬಸುರಿ ಹೆಂಗಸಿಗೆ ವಿಶ್ರಾಂತಿ ದೊರಕುವುದು ಇಡೀ ರಾಷ್ಟ್ರದ ಹಿತಕ್ಕೆ ಸೇರಿದ ಸಂಗತಿ. ಆದ್ದರಿಂದ ಅದರ ಖರ್ಚಿನ ದೊಡ್ಡ ಪಾಲನ್ನು ಸರಕಾರವೇ ಹೊರುವುದು ನ್ಯಾಯ ಎಂಬುದು ಮೊದಲನೆಯದು. ಸರಕಾರ ಹೊರದೆ ಹೋದರೂ ಮಾಲೀಕನು ಕೈತೊಳೆದುಕೊಳ್ಳುವಂತಿಲ್ಲ, ಏಕೆಂದರೆ ಹೆಂಗಸನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಗಂಡಸನ್ನು ಇಟ್ಟುಕೊಳ್ಳುವುದಕ್ಕಿಂತ ಲಾಭವೆಂದು ತಿಳಿದೇ ಅವನು ಇಟ್ಟುಕೊಂಡಿದ್ದಾನೆ ಎಂಬುದು ಎರಡನೆಯದು. ಮರುವರ್ಷ, 1929ರಲ್ಲಿ, ಮುಂಬಯಿಯ ಪ್ರಸೂತಿ ಸೌಲಭ್ಯ ಕಾಯಿದೆ ಜಾರಿಗೆ ಬಂತು. ದಿನಕ್ಕೆ ಎಂಟಾಣೆ ಭತ್ಯೆ. ಭಾರತದಲ್ಲಿ ಈ ಬಗೆಯ ಮೊದಲ ಕಾಯಿದೆ ಇದೇ.

ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಆಗ ಮುಂಬಯಿ ಪ್ರಾಂತದಲ್ಲೇ ಇದ್ದವು. ಗೋಕಾಕ ಜಲಪಾತದ ಬಳಿಯ ನೂಲಿನ ಗಿರಣಿಯೂ, ಇಂದಿಗೂ ಕನ್ನಡ ಮಾತು ಕಿವಿಗೆ ಬೀಳುವ ಸೊಲ್ಲಾಪುರದ ಗಿರಣಿಗಳೂ ಆ ಪ್ರಾಂತದವೇ. ಹೀಗಾಗಿ ಇದು ನಮ್ಮವರಿಗೆ ಪರರಾಜ್ಯದ ಇತಿಹಾಸವಲ್ಲ. ಇಂದು ನಮ್ಮ ಕುಟುಂಬಗಳ ಹೆಣ್ಣುಮಕ್ಕಳು ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಆಸ್ಪತ್ರೆಯಲ್ಲಿ, ಕಂಪ್ಯೂಟರ್ ಕಂಪನಿಯಲ್ಲಿ ದುಡಿಯುತ್ತಿದ್ದಾರೆ. ಅವರು ಪಡೆಯುವ ಹೆರಿಗೆ ರಜೆಯ ಬೇರು ಇರುವುದು ಗಿರಣಿಯಲ್ಲಿ ನೂಲು ಸುತ್ತುತ್ತಿದ್ದ ಆ ಹೆಂಗಸರ ಬದುಕಿನಲ್ಲಿ.

ಗಿರಣಿಯ ದಿನಗಳು

1920ರ ದಶಕದಲ್ಲಿ ಮುಂಬಯಿಯ ಹತ್ತಿ ಗಿರಣಿಗಳ ಕೆಲಸಗಾರರಲ್ಲಿ ಸರಿಸುಮಾರು ಐವರಿಗೆ ಒಬ್ಬರಂತೆ ಹೆಂಗಸರಿದ್ದರು. ನೂಲು ಸುತ್ತುವ ಮತ್ತು ಲಡಿ ಮಾಡುವ ವಿಭಾಗಗಳಲ್ಲಿಯೇ ಅವರಲ್ಲಿ ಹೆಚ್ಚಿನವರ ದುಡಿಮೆ. ಮಾಡಿದಷ್ಟು ಕೆಲಸಕ್ಕೆ ಕೂಲಿ; ಮನೆಯಲ್ಲಿ ಕೂತರೆ ಕಾಸಿಲ್ಲ. ಅವರನ್ನು ಕೆಲಸಕ್ಕೆ ಸೇರಿಸುವುದು, ಬಿಡಿಸುವುದು ‘ನಾಯಕೀಣ್’ ಎಂದು ಕರೆಯುತ್ತಿದ್ದ ಮೇಲ್ವಿಚಾರಕಿಯರ ಕೈಯಲ್ಲಿತ್ತು. ಪಗಾರದ ದಿನ ಅವಳ ಕೈ ಬಿಸಿ ಮಾಡಿ ನೌಕರಿ ಉಳಿಸಿಕೊಳ್ಳಬೇಕಾದ ಹೆಂಗಸು, ತಾನು ಬಸುರಿ ಎಂದು ಹೇಳಿಕೊಂಡು ರಜೆ ಕೇಳುವುದು ಎಲ್ಲಿಂದ ಬಂತು?

1921ರಲ್ಲಿ ಮುಂಬಯಿ ಸರಕಾರವು ಗಿರಣಿ ಹೆಂಗಸರ ಬಾಣಂತನದ ಸ್ಥಿತಿಯನ್ನು ತಿಳಿಯಲು ಡಾ. ಬಾರ್ನ್ಸ್ ಎಂಬ ವೈದ್ಯೆಯನ್ನು ನೇಮಿಸಿತು. ಅವರು ಗಿರಣಿಗಳಿಗೂ ಚಾಳುಗಳಿಗೂ ಹೋಗಿ ಕಂಡದ್ದನ್ನು ಬರೆದ ವರದಿ 1922ರಲ್ಲಿ ಸರಕಾರದ ಲೇಬರ್ ಗೆಜೆಟಿನಲ್ಲಿ ಪ್ರಕಟವಾಯಿತು. ಒಂದೇ ಕೋಣೆಯ ಬಿಡಾರದಲ್ಲಿ ಹೆರಿಗೆ, ಸೂಲಗಿತ್ತಿಯ ಆರೈಕೆ, ಮೈಯಲ್ಲಿ ಶಕ್ತಿ ಬರುವ ಮೊದಲೇ ಮರಳಿ ಗಿರಣಿಗೆ. ಕೂಸು ಅಳದೆ ಮಲಗಿರಲೆಂದು ಅದಕ್ಕೆ ಅಫೀಮಿನ ಗುಳಿಗೆ ಕೊಡುವುದು ಮನೆಮನೆಯ ರೂಢಿಯಾಗಿತ್ತು. ತಾಯಿಯಾದವಳು ಕಲ್ಲೆದೆಯವಳೆಂದು ಹೀಗೆ ಮಾಡಲಿಲ್ಲ. ಕೂಸನ್ನು ನೋಡಿಕೊಳ್ಳಲು ಅತ್ತೆಯೂ ತಾಯಿಯೂ ಹಳ್ಳಿಯಲ್ಲೇ ಉಳಿದಿದ್ದರು. ಇವಳು ಒಂದು ದಿನ ಕೆಲಸಕ್ಕೆ ತಪ್ಪಿಸಿದರೆ ಒಲೆ ಉರಿಯುತ್ತಿರಲಿಲ್ಲ. 1921ರ ನಗರಸಭೆಯ ಲೆಕ್ಕದಂತೆ ಮುಂಬಯಿಯಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ ವರ್ಷ ತುಂಬುವ ಮೊದಲೇ ತೀರಿಕೊಂಡವರು ಆರುನೂರಕ್ಕೂ ಹೆಚ್ಚು. ಎಲ್ಲ ಜನನಗಳೂ ದಾಖಲಾಗುತ್ತಿರಲಿಲ್ಲವಾದ್ದರಿಂದ ಈ ಅಂಕಿ ನಿಜಕ್ಕಿಂತ ಹಿಗ್ಗಿರಬಹುದು. ಅರ್ಧಕ್ಕೆ ಇಳಿಸಿದರೂ ಎದೆ ನಡುಗಿಸುವ ಅಂಕಿಯೇ ಅದು.

ಹೆಂಗಸರಲ್ಲಿ ಕೆಲವರು ಹೆರಿಗೆಗೆಂದು ಊರಿಗೆ ಹೋಗುತ್ತಿದ್ದರು. ಊರು ಬಿಟ್ಟು ಬಂದ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು, ಎಣ್ಣೆನೀರು, ಖಾರ, ಪಥ್ಯ, ತೊಟ್ಟಿಲು ಎಲ್ಲವೂ ಅಲ್ಲಿಯೇ. ಆದರೆ ಗಿರಣಿಯ ಹೆಂಗಸಿಗೆ ತವರಿನ ಬಾಣಂತನಕ್ಕೆ ತೆರಬೇಕಾದ ಬೆಲೆ ನೌಕರಿ. ತಿರುಗಿ ಬರುವ ಹೊತ್ತಿಗೆ ಅವಳ ಜಾಗದಲ್ಲಿ ಇನ್ನೊಬ್ಬಳು ನಿಂತಿರುತ್ತಿದ್ದಳು.

ಖರ್ಚು ಯಾರದು?

ಜಗತ್ತಿನ ಕಾರ್ಮಿಕ ಸಂಸ್ಥೆ 1919ರಲ್ಲಿ ವಾಷಿಂಗ್ಟನ್ನಿನಲ್ಲಿ ತನ್ನ ಮೊದಲ ಸಮ್ಮೇಳನವನ್ನು ನಡೆಸಿದಾಗಲೇ ಈ ಪ್ರಶ್ನೆಯನ್ನು ಎತ್ತಿಕೊಂಡಿತ್ತು. ಹೆರಿಗೆಯ ಮುಂಚೆ ಆರು ವಾರ, ಅನಂತರ ಆರು ವಾರ ಬಿಡುವು; ಮರಳಿ ಬಂದ ಮೇಲೆ ಕೂಸಿಗೆ ಹಾಲೂಡಿಸಲು ದಿನಕ್ಕೆ ಎರಡು ಬಾರಿ ಅರ್ಧರ್ಧ ಗಂಟೆ ಸಮಯ; ರಜೆಯಲ್ಲಿದ್ದಾಗ ನೌಕರಿಯಿಂದ ತೆಗೆಯುವಂತಿಲ್ಲ. ಇವು ಅಲ್ಲಿ ಒಪ್ಪಿದ ನಿಯಮಗಳು. ಅದರಲ್ಲಿ ಇನ್ನೊಂದು ಮಾತೂ ಇತ್ತು. ಈ ಅವಧಿಯ ಭತ್ಯೆಯು ಸರಕಾರದ ಬೊಕ್ಕಸದಿಂದಾಗಲಿ, ವಿಮೆಯ ನಿಧಿಯಿಂದಾಗಲಿ ಬರಬೇಕು ಎಂದು ಹೇಳಲಾಗಿತ್ತು. ಒಬ್ಬೊಬ್ಬ ಮಾಲೀಕನ ಜೇಬಿನಿಂದ ಕೀಳಬೇಕೆಂದು ಎಲ್ಲಿಯೂ ಹೇಳಿರಲಿಲ್ಲ.

ಭಾರತ ಸರಕಾರ ಆ ಒಪ್ಪಂದಕ್ಕೆ ಸಹಿ ಹಾಕಲಿಲ್ಲ. ಕಾರ್ಮಿಕ ನಾಯಕ ಎನ್. ಎಂ. ಜೋಶಿಯವರು 1924ರಲ್ಲಿ ಕೇಂದ್ರ ಶಾಸನಸಭೆಗೆ ತಂದ ಪ್ರಸೂತಿ ಸೌಲಭ್ಯದ ಮಸೂದೆಗೂ ಒಪ್ಪಿಗೆ ದೊರೆಯಲಿಲ್ಲ. ಕಡೆಗೆ ಮುಂಬಯಿ ಪ್ರಾಂತ ತಾನೇ ಮುಂದಾಯಿತು. ಆದರೆ ಬೊಕ್ಕಸದಿಂದ ಕೊಡಲು ಸರಕಾರಕ್ಕೆ ಮನಸ್ಸಿಲ್ಲ, ವಿಮೆಯ ವ್ಯವಸ್ಥೆ ಎಂಬುದು ದೇಶದಲ್ಲಿ ಇಲ್ಲ. ಹೀಗಾಗಿ ಇಡೀ ಭಾರ ಮಾಲೀಕನ ಮೇಲೆ ಬಿತ್ತು. ಅಂಬೇಡ್ಕರರು ಹೇಳಿದ ಎರಡು ಮಾತುಗಳಲ್ಲಿ ಎರಡನೆಯದು ಕಾಯಿದೆಯಾಯಿತು, ಮೊದಲನೆಯದು ಕಡತದಲ್ಲಿ ಉಳಿಯಿತು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಲ್ಲಿ ನಿಜವಾಯಿತು. ಭತ್ಯೆ ಪಡೆಯಲು ನಿಗದಿತ ಅವಧಿಯ ಸೇವೆ ಆಗಿರಬೇಕಿತ್ತು. ಆ ಅವಧಿ ತುಂಬುವ ಮೊದಲೇ, ಇಲ್ಲವೇ ಬಸಿರು ಕಾಣಿಸಿಕೊಂಡ ಕೂಡಲೇ, ಹೆಂಗಸನ್ನು ಕೆಲಸದಿಂದ ಬಿಡಿಸಿದರೆ ಎಂಟಾಣೆಯೂ ಉಳಿಯಿತು, ಲೆಕ್ಕಪತ್ರದ ತಾಪತ್ರಯವೂ ಉಳಿಯಿತು. ಮದುವೆಯಾದ ಹರೆಯದ ಹೆಂಗಸರನ್ನು ಸೇರಿಸಿಕೊಳ್ಳಲು ಹಿಂಜರಿಯುವುದು ಮೊದಲಾಯಿತು. ಮುಂಬಯಿಯ ಗಿರಣಿಗಳಲ್ಲಿ ಹೆಂಗಸರ ಪಾಲು ಮುಂದಿನ ದಶಕಗಳಲ್ಲಿ ಇಳಿಯುತ್ತಲೇ ಹೋಯಿತು. ಇದಕ್ಕೆ ಈ ಕಾಯಿದೆಯೊಂದೇ ಕಾರಣವೆನ್ನುವುದು ಸರಿಯಲ್ಲ. ವೇಗವಾಗಿ ನೂಲು ಸುತ್ತುವ ಹೊಸ ಯಂತ್ರಗಳು ಬಂದವು. ರಾತ್ರಿ ಪಾಳಿಯಲ್ಲಿ ಹೆಂಗಸರನ್ನು ದುಡಿಸುವಂತಿರಲಿಲ್ಲ. ಆದರೂ ಹೆಂಗಸರನ್ನು ತೆಗೆಯಬೇಕೆಂದಿದ್ದವರಿಗೆ ಹೆರಿಗೆಯ ಖರ್ಚು ಒಂದು ಹೆಚ್ಚಿನ ನೆಪವಾಯಿತು.

ಇಷ್ಟಾದರೂ ಮುಂಬಯಿಯ ಕಾಯಿದೆ ವ್ಯರ್ಥವಾಗಲಿಲ್ಲ. 1931ರಲ್ಲಿ ವಿಟ್ಲೆ ಅಧ್ಯಕ್ಷತೆಯ ರಾಯಲ್ ಕಾರ್ಮಿಕ ಆಯೋಗವು ಇಂಥ ಕಾಯಿದೆ ದೇಶದ ಉಳಿದೆಡೆಯೂ ಬರಬೇಕೆಂದು ಶಿಫಾರಸು ಮಾಡಿತು. 1930ರ ದಶಕದಲ್ಲಿ ಮಧ್ಯಪ್ರಾಂತ, ಮದರಾಸು ಮೊದಲಾದ ಪ್ರಾಂತಗಳೂ ಮೈಸೂರು ಸಂಸ್ಥಾನವೂ ಇದೇ ದಾರಿ ಹಿಡಿದವು. ಗಣಿಗಳಲ್ಲಿ ದುಡಿಯುವ ಹೆಂಗಸರಿಗಾಗಿ 1941ರಲ್ಲಿ ಬೇರೆ ಕಾಯಿದೆ ಬಂತು.

ವಿಮೆಯ ದಾರಿ

ಸ್ವಾತಂತ್ರ್ಯ ಬಂದ ಮೇಲೆ ಎರಡು ಹೆಜ್ಜೆಗಳು ಮುಖ್ಯವಾದವು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 42ನೆಯ ವಿಧಿಯು ಕೆಲಸದ ಸ್ಥಿತಿಗತಿ ಮಾನವೀಯವಾಗಿರಬೇಕು, ಪ್ರಸೂತಿ ನೆರವು ದೊರಕಬೇಕು ಎಂದು ರಾಜ್ಯಕ್ಕೆ ನಿರ್ದೇಶನ ನೀಡಿತು. ಅದಕ್ಕೂ ಮೊದಲು, 1948ರಲ್ಲಿ, ಕಾರ್ಮಿಕರ ರಾಜ್ಯ ವಿಮಾ ಕಾಯಿದೆ ಬಂದಿತ್ತು. ಇಎಸ್‌ಐ ಎಂದು ನಾವೆಲ್ಲ ಕರೆಯುವುದು ಇದನ್ನೇ. 1952ರ ಫೆಬ್ರವರಿ 24ರಂದು ಕಾನಪುರ ಮತ್ತು ದೆಹಲಿಯಲ್ಲಿ ಇದು ಮೊದಲಾಯಿತು.

ಈ ವಿಮೆಯ ಗುಟ್ಟು ಸರಳ. ಮಾಲೀಕನು ತನ್ನಲ್ಲಿರುವ ಪ್ರತಿಯೊಬ್ಬ ವಿಮಾದಾರ ಕೆಲಸಗಾರನ ಲೆಕ್ಕಕ್ಕೂ ಸಂಬಳದ ಒಂದು ಪಾಲನ್ನು ನಿಧಿಗೆ ಕಟ್ಟುತ್ತಾನೆ. ಕೆಲಸಗಾರನದೂ ಒಂದು ಸಣ್ಣ ಪಾಲು. 2019ರ ಜುಲೈಯಲ್ಲಿ ಈ ದರಗಳನ್ನು ಕ್ರಮವಾಗಿ ನೂರಕ್ಕೆ 3.25 ಮತ್ತು 0.75 ಎಂದು ಗೊತ್ತುಮಾಡಲಾಯಿತು. ಕೆಲಸಗಾರ ಗಂಡಾಗಿರಲಿ ಹೆಣ್ಣಾಗಿರಲಿ ಕಟ್ಟುವ ದರ ಒಂದೇ. ಹೆರಿಗೆಯ ಭತ್ಯೆ ನಿಧಿಯಿಂದ ಬರುತ್ತದೆ. ಹೆಂಗಸನ್ನು ಬೇಡವೆಂದು ಗಂಡಸನ್ನು ಸೇರಿಸಿಕೊಂಡರೆ ಮಾಲೀಕನಿಗೆ ಈ ಲೆಕ್ಕದಲ್ಲಿ ಒಂದು ಪೈಸೆಯೂ ಉಳಿಯುವುದಿಲ್ಲ. 1928ರಲ್ಲಿ ಕಡತದಲ್ಲಿ ಉಳಿದ ಮಾತಿಗೆ ಇಲ್ಲಿ ಅರ್ಧ ಉತ್ತರ ದೊರೆಯಿತು. ಅರ್ಧವೇಕೆಂದರೆ, ಇದು ಒಂದು ಮಿತಿಯೊಳಗಿನ ಸಂಬಳದವರಿಗೆ ಮಾತ್ರ. 2017ರಲ್ಲಿ ಆ ಮಿತಿಯನ್ನು ತಿಂಗಳಿಗೆ 21,000 ರೂಪಾಯಿಗೆ ಏರಿಸಲಾಯಿತು. 1952ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ತನ್ನ ಹಳೆಯ ಒಪ್ಪಂದವನ್ನು ತಿದ್ದಿ ಬರೆದಾಗ, ಯಾವ ಸಂದರ್ಭದಲ್ಲೂ ಈ ಖರ್ಚಿಗೆ ಒಬ್ಬ ಮಾಲೀಕನೇ ಹೊಣೆಯಾಗಬಾರದೆಂದು ಬಿಡಿಸಿ ಹೇಳಿತು. ಮುಂಬಯಿಯ ಗಿರಣಿಗಳಲ್ಲಿ ಕಂಡ ಪಾಡಿನ ಹಿನ್ನೆಲೆಯಲ್ಲಿ ಆ ಮಾತಿನ ಬೆಲೆ ನಮಗೆ ಚೆನ್ನಾಗಿ ತಿಳಿಯುತ್ತದೆ.

1961ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಪ್ರಸೂತಿ ಸೌಲಭ್ಯ ಕಾಯಿದೆಯನ್ನು ಸಂಸತ್ತು ಮಾಡಿತು. ಕಾರ್ಖಾನೆ, ಗಣಿ ಮಾತ್ರವಲ್ಲದೆ ತೋಟಗಳೂ ಅದರೊಳಗೆ ಬಂದವು. ಚಿಕ್ಕಮಗಳೂರು, ಕೊಡಗುಗಳ ಕಾಫಿ ತೋಟದ ಹೆಂಗಸರಿಗೂ ಇದರಿಂದ ಹಕ್ಕು ದೊರೆಯಿತು. ಒಟ್ಟು 12 ವಾರ ಸಂಬಳದ ರಜೆ. ಹೆರಿಗೆಯಾದ ಆರು ವಾರದೊಳಗೆ ಅವಳಿಂದ ಕೆಲಸ ಮಾಡಿಸುವಂತಿಲ್ಲ, ದಿನ ತುಂಬುವ ಸಮಯದಲ್ಲಿ ಅವಳು ಬೇಡವೆಂದರೆ ಬಹಳ ಹೊತ್ತು ನಿಲ್ಲುವ, ಮೈಮುರಿಯುವ ಕೆಲಸ ಹಚ್ಚುವಂತಿಲ್ಲ, ರಜೆಯಲ್ಲಿದ್ದಾಗ ತೆಗೆದುಹಾಕುವಂತಿಲ್ಲ, ಕೂಸಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಾರಿ ಬಿಡುವು. 1988ರ ತಿದ್ದುಪಡಿಯು ಹತ್ತು ಅಥವಾ ಹೆಚ್ಚು ನೌಕರರಿರುವ ಅಂಗಡಿ ಮತ್ತು ವ್ಯಾಪಾರ ಸಂಸ್ಥೆಗಳಿಗೂ ಇದನ್ನು ವಿಸ್ತರಿಸಿತು. ಆಗಬೇಕಾದ ಸೇವೆಯನ್ನು 160 ದಿನದಿಂದ 80 ದಿನಕ್ಕೆ ಇಳಿಸಿತು.

ನ್ಯಾಯಾಲಯದ ಮೆಟ್ಟಿಲಲ್ಲಿ

ಪುಸ್ತಕದಲ್ಲಿರುವ ಹಕ್ಕು ಕೈಗೆ ಬರಬೇಕಾದರೆ ಯಾರಾದರೊಬ್ಬರು ಬಾಗಿಲು ತಟ್ಟಲೇಬೇಕು. ಹಾಗೆ ತಟ್ಟಿದವರ ಕಥೆಗಳಲ್ಲಿ ಮೂರು ನಾಲ್ಕನ್ನು ನಾವು ನೆನಪಿಡಬೇಕು.

ತಮಿಳುನಾಡಿನ ಒಂದು ತೋಟದ ಕೂಲಿ ಹೆಂಗಸಿಗೆ 12 ವಾರದ ಭತ್ಯೆ ಬರಬೇಕಿತ್ತು. ಮಾಲೀಕರು 72 ದಿನಕ್ಕೆ ಲೆಕ್ಕ ಹಾಕಿ ಕೊಟ್ಟರು. ಭಾನುವಾರಗಳಿಗೆ ಹೇಗೂ ಕೂಲಿಯಿಲ್ಲ, ಆದ್ದರಿಂದ 12 ಭಾನುವಾರಗಳನ್ನು ಕಳೆದಿದ್ದೇವೆ ಎಂಬುದು ಅವರ ಸಮಜಾಯಿಷಿ. ಮೊಕದ್ದಮೆ ಕೊಯಮತ್ತೂರಿನ ಕಾರ್ಮಿಕ ನ್ಯಾಯಾಲಯದಿಂದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ವಾರವೆಂದರೆ ಭಾನುವಾರವೂ ಸೇರಿದ ಏಳು ದಿನ ಎಂದು ನ್ಯಾಯಾಲಯ 1977ರಲ್ಲಿ ತೀರ್ಪಿತ್ತಿತು. ತಾಯಿ ತನ್ನ ಹೊಟ್ಟೆ ತುಂಬಿಸಿಕೊಂಡು, ಕಳೆದ ಶಕ್ತಿಯನ್ನು ಮರಳಿ ಪಡೆದು, ಕೂಸನ್ನು ಸಾಕಲು ಈ ಹಣ ಎಂಬ ಉದ್ದೇಶವನ್ನು ಮುಂದಿಟ್ಟುಕೊಂಡೇ ಕಾಯಿದೆಯನ್ನು ಓದಬೇಕೆಂದಿತು. ಹನ್ನೆರಡು ದಿನದ ಕೂಲಿ ಮಾಲೀಕರಿಗೆ ಎಷ್ಟರದು? ಆದರೆ ಆ ತೀರ್ಪಿನಿಂದ ದೇಶದ ಎಲ್ಲ ಬಾಣಂತಿಯರ ಭಾನುವಾರಗಳೂ ಉಳಿದವು.

ಎರಡನೆಯದು ಏರ್ ಇಂಡಿಯಾದ ಗಗನಸಖಿಯರದು. ಅಲ್ಲಿನ ನಿಯಮದಂತೆ ಗಗನಸಖಿಗೆ 35 ವರ್ಷವಾದರೆ ನಿವೃತ್ತಿ. ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ ಆಗಲೇ ನಿವೃತ್ತಿ. ಮೊದಲ ಸಲ ಬಸುರಿಯಾದರೆ ಅಲ್ಲಿಗೇ ನಿವೃತ್ತಿ. ನರ್ಗಿಸ್ ಮಿರ್ಜಾ ಮೊಕದ್ದಮೆ ಎಂದು ಹೆಸರಾದ ಈ ವ್ಯಾಜ್ಯದಲ್ಲಿ 1981ರ ಆಗಸ್ಟ್ 28ರಂದು ಸುಪ್ರೀಂ ಕೋರ್ಟು ಬಸಿರಿನ ನಿಯಮವನ್ನು ರದ್ದುಪಡಿಸಿತು. ಅದು ಭಾರತೀಯ ಸ್ತ್ರೀತ್ವಕ್ಕೆ ಮಾಡಿದ ಅವಮಾನವೆಂದು ಖಂಡಿಸಿತು. ಆದರೆ ನಾಲ್ಕು ವರ್ಷ ಮದುವೆಯಾಗಬಾರದೆಂಬ ನಿಯಮವನ್ನು ಎತ್ತಿಹಿಡಿಯಿತು. ನ್ಯಾಯವೂ ಹೆಜ್ಜೆ ಹೆಜ್ಜೆಯಾಗಿಯೇ ನಡೆಯುತ್ತದೆ.

ಮೂರನೆಯದು ಜೀವ ವಿಮಾ ನಿಗಮದ್ದು. ನೌಕರಿಗೆ ಸೇರುವಾಗ ತುಂಬಬೇಕಾದ ನಮೂನೆಯಲ್ಲಿ ಮಹಿಳೆಯರು ತಮ್ಮ ಮುಟ್ಟಿನ ದಿನಗಳು, ಹಿಂದಿನ ಬಸಿರುಗಳು ಇವನ್ನೆಲ್ಲ ಬರೆಯಬೇಕಿತ್ತು. ಒಬ್ಬ ಯುವತಿ ಪರೀಕ್ಷಾರ್ಥ ಸೇವೆಯಲ್ಲಿದ್ದಾಗ ಹೆರಿಗೆ ರಜೆ ಪಡೆದಳು. ನಮೂನೆಯಲ್ಲಿ ಸುಳ್ಳು ಬರೆದಿದ್ದಾಳೆಂದು ಅವಳನ್ನು ನೌಕರಿಯಿಂದ ತೆಗೆಯಲಾಯಿತು. 1991ರಲ್ಲಿ ಸುಪ್ರೀಂ ಕೋರ್ಟು ಅವಳನ್ನು ಮರಳಿ ಸೇರಿಸಿಕೊಳ್ಳುವಂತೆ ಆದೇಶಿಸಿ, ಮಾನ ಮರ್ಯಾದೆಗೆ ಕುಂದು ತರುವ ಅಂಥ ಕಲಮುಗಳನ್ನು ನಮೂನೆಯಿಂದಲೇ ತೆಗೆಯಬೇಕೆಂದಿತು.

ನಾಲ್ಕನೆಯದು ದೆಹಲಿಯ ರಸ್ತೆಗಳದ್ದು. ದೆಹಲಿ ಮಹಾನಗರಪಾಲಿಕೆಯಲ್ಲಿ ವರ್ಷಗಟ್ಟಲೆ ದಿನಗೂಲಿಯಾಗಿ ನೆಲ ಅಗೆಯುವ, ರಸ್ತೆ ಮಾಡುವ ಹೆಂಗಸರು ಖಾಯಂ ನೌಕರರಲ್ಲವೆಂಬ ಕಾರಣಕ್ಕೆ ಹೆರಿಗೆ ರಜೆಯಿಂದ ವಂಚಿತರಾಗಿದ್ದರು. 2000ದ ಮಾರ್ಚ್ 8ರಂದು ಸುಪ್ರೀಂ ಕೋರ್ಟು, ದಿನಗೂಲಿಯವಳೂ ತಾಯಿಯೇ, ಕಾಯಿದೆ ಅವಳಿಗೂ ಸಲ್ಲುತ್ತದೆ ಎಂದು ತೀರ್ಮಾನಿಸಿತು. ಆ ದಿನ ಅಂತರರಾಷ್ಟ್ರೀಯ ಮಹಿಳಾ ದಿನವಾಗಿತ್ತು.

ಹಳೆಯ ಪ್ರಶ್ನೆ, ಹೊಸ ವೇಷ

2017ರ ಏಪ್ರಿಲ್ 1ರಿಂದ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಎರಡು ಮಕ್ಕಳಿರುವವಳಿಗೆ ಮುಂದಿನ ಹೆರಿಗೆಗೆ 12 ವಾರ. ಐವತ್ತು ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು. ಕೆಲಸಕ್ಕೆ ಸೇರುವಾಗಲೇ ಈ ಸೌಲಭ್ಯಗಳನ್ನು ಅವಳಿಗೆ ಬರವಣಿಗೆಯಲ್ಲಿ ತಿಳಿಸಬೇಕು. 1961ರ ಕಾಯಿದೆಯ ಈ ಏರ್ಪಾಡುಗಳನ್ನು ಒಳಗೊಂಡ 2020ರ ಸಾಮಾಜಿಕ ಭದ್ರತಾ ಸಂಹಿತೆಯನ್ನು 2025ರ ನವೆಂಬರ್ 21ರಿಂದ ಜಾರಿಗೆ ತರಲಾಗಿದೆ. ಅದೇ ವರ್ಷದ ಮೇ ತಿಂಗಳಲ್ಲಿ ತಮಿಳುನಾಡಿನ ಒಬ್ಬ ಸರಕಾರಿ ಶಾಲಾ ಶಿಕ್ಷಕಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೆರಿಗೆ ರಜೆಯು ಸ್ತ್ರೀಯ ಹಕ್ಕಿನ ಭಾಗವೆಂದು ಒತ್ತಿ ಹೇಳಿತು.

ಇಪ್ಪತ್ತಾರು ವಾರ ಎಂದರೆ ಅರ್ಧ ವರ್ಷ. ಸಂತೋಷದ ಸಂಗತಿ. ಆದರೆ ಇಎಸ್‌ಐ ಮಿತಿಯನ್ನು ದಾಟಿದ ಸಂಬಳದವರ ವಿಷಯದಲ್ಲಿ ಈ ಅರ್ಧ ವರ್ಷದ ಸಂಬಳ ಪೂರ್ತಿಯಾಗಿ ಮಾಲೀಕನ ಜೇಬಿನದೇ. 1929ರಲ್ಲಿ ಹಿಡಿದ ದಾರಿಯಲ್ಲೇ ನಾವು ಇನ್ನೂ ನಡೆಯುತ್ತಿದ್ದೇವೆ. ದೊಡ್ಡ ಕಂಪನಿಗೆ ಇದು ಹೊರೆಯಲ್ಲ. ಹತ್ತು ಹನ್ನೆರಡು ಜನರಿರುವ ಸಣ್ಣ ಸಂಸ್ಥೆಗೆ ಹೊರೆಯೇ. 2018ರಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯವು ಕಡಿಮೆ ಸಂಬಳದ ಮಹಿಳೆಯರ ವಿಷಯದಲ್ಲಿ ಏಳು ವಾರದ ಸಂಬಳವನ್ನು ಮಾಲೀಕರಿಗೆ ಹಿಂತಿರುಗಿಸುವ ಯೋಚನೆಯನ್ನು ಮುಂದಿಟ್ಟಿತ್ತು. ಆ ಯೋಚನೆಯ ಹಿಂದಿನ ತಿಳಿವಳಿಕೆ ಸರಿಯಾದದ್ದು. ಮಗು ಇಡೀ ಸಮಾಜದ್ದಾದರೆ ಖರ್ಚಿನಲ್ಲೂ ಸಮಾಜದ ಪಾಲಿರಬೇಕು.

ಹೊರೆ ಒಬ್ಬನ ಮೇಲಿರುವವರೆಗೆ ಹಳೆಯ ನಾಯಕೀಣಳ ಕಣ್ಣು ಹೊಸ ವೇಷದಲ್ಲಿ ಮರಳುತ್ತಲೇ ಇರುತ್ತದೆ. ಸಂದರ್ಶನದಲ್ಲಿ “ಮದುವೆ ಯಾವಾಗ? ಮಕ್ಕಳ ಯೋಚನೆ ಇದೆಯೇ?” ಎಂದು ಕೇಳುವುದು, ರಜೆಯಿಂದ ಮರಳಿದವಳಿಗೆ ಕುರ್ಚಿಯಿದ್ದರೂ ಕೆಲಸವಿಲ್ಲದಂತೆ ಮಾಡುವುದು, ಬಡ್ತಿಯನ್ನು ಮುಂದೂಡುವುದು ಇವೆಲ್ಲ ಅದೇ ಕಣ್ಣಿನ ನೋಟ. ಸರಕಾರಿ ವಲಯವೂ ಇದಕ್ಕೆ ಹೊರತಲ್ಲ. ಮೂರು ತಿಂಗಳಿಗೆ ಮೀರಿದ ಬಸುರಿಯರನ್ನು ನೇಮಕಕ್ಕೆ ತಾತ್ಕಾಲಿಕವಾಗಿ ಅನರ್ಹರೆಂದು ಭಾರತೀಯ ಸ್ಟೇಟ್ ಬ್ಯಾಂಕು ಸುತ್ತೋಲೆ ಹೊರಡಿಸಿ, ಎಲ್ಲೆಡೆಯಿಂದ ಪ್ರತಿಭಟನೆ ಬಂದ ಮೇಲೆ ಅದನ್ನು 2022ರ ಜನವರಿಯಲ್ಲಿ ಹಿಂತೆಗೆದುಕೊಂಡಿತು.

ನಮ್ಮ ಪಾಲಿನ ಕರ್ತವ್ಯ

ಈ ಇತಿಹಾಸವನ್ನು ಓದಿ ಮುಚ್ಚಿಡುವುದಾದರೆ ಬರೆದು ಪ್ರಯೋಜನವಿಲ್ಲ. ಪರಊರಿನಲ್ಲಿರುವ ನಮ್ಮಂಥವರಿಗೆ ಇದರಲ್ಲಿ ಮೂರು ಬಗೆಯ ಪಾಲಿದೆ.

ನಮ್ಮ ಹೆಣ್ಣುಮಕ್ಕಳೂ ಸೊಸೆಯರೂ ನೌಕರಿಯಲ್ಲಿದ್ದಾರೆ. ತವರು ಒಂದು ರಾತ್ರಿಯ ರೈಲು ಪ್ರಯಾಣದಷ್ಟು ದೂರದಲ್ಲಿರುವಾಗ ಈ ರಜೆಯೇ ಅವರ ಬಾಣಂತನದ ಆಧಾರ. ಅದು ಮೇಲಧಿಕಾರಿಯ ಕೃಪೆಯಲ್ಲ, ಕಾನೂನಿನ ಹಕ್ಕು ಎಂಬುದು ಅವರಿಗೆ ತಿಳಿದಿರಬೇಕು. “ಹೊಂದಿಕೊಂಡು ಹೋಗಮ್ಮ, ರಾಜೀನಾಮೆ ಕೊಟ್ಟುಬಿಡು” ಎಂದು ಹಿರಿಯರಾದ ನಾವೇ ಹೇಳುವುದನ್ನು ಮೊದಲು ನಿಲ್ಲಿಸಬೇಕು.

ನಮ್ಮಲ್ಲಿ ಅನೇಕರು ಹೋಟೆಲು, ಅಂಗಡಿ, ಸಣ್ಣ ಕಾರ್ಖಾನೆ ನಡೆಸುವವರು. ಹತ್ತು ಜನ ನೌಕರರಿದ್ದರೆ ಕಾಯಿದೆ ಅನ್ವಯಿಸುತ್ತದೆ. ಇಎಸ್‌ಐ ವಂತಿಗೆಯನ್ನು ದಂಡವೆಂದು ಭಾವಿಸದೆ ಎಲ್ಲರ ಹೆಸರಿನಲ್ಲೂ ಸರಿಯಾಗಿ ಕಟ್ಟಿದರೆ ಹೆರಿಗೆಯ ಹೊರೆ ಮಾಲೀಕನ ಮೇಲೆ ಒಮ್ಮೆಲೇ ಬೀಳುವುದಿಲ್ಲ, ಕೆಲಸದ ಹೆಂಗಸಿಗೂ ನ್ಯಾಯ ಸಿಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಹತ್ತಿರದ್ದು. ನಮ್ಮ ಮನೆಗಳಲ್ಲಿ ಪಾತ್ರೆ ತಿಕ್ಕುವ, ನೆಲ ಒರೆಸುವ, ಅಡಿಗೆ ಮಾಡುವ ಹೆಂಗಸರೂ ಬಸುರಿಯರಾಗುತ್ತಾರೆ. ಸಂಬಳದ ಹೆರಿಗೆ ರಜೆ ಕಾರ್ಖಾನೆಗೆ, ಕಚೇರಿಗೆ, ಅಂಗಡಿಗೆ ಉಂಟು, ಮನೆಗೆ ಇಲ್ಲ. ಮೊದಲ ಮಗುವಿಗೆ ಸರಕಾರದ ಮಾತೃವಂದನಾ ಯೋಜನೆಯಿಂದ 5,000 ರೂಪಾಯಿ ಪಡೆಯಬಹುದು. ಅರ್ಜಿ ಬರೆಯಲು ಬಾರದವಳಿಗೆ ನಮ್ಮ ಮನೆಯ ಓದಿದ ಮಕ್ಕಳು ಅರ್ಧ ಗಂಟೆ ಕೂತು ಬರೆದುಕೊಡಬಹುದು. ಉಳಿದದ್ದು ನಮ್ಮ ಕೈಯಲ್ಲಿದೆ. ಒಂದು ಕಟ್ಟಡದಲ್ಲಿ ನಾಲ್ಕು ಮನೆಗಳ ಕೆಲಸ ಮಾಡುವವಳಿಗೆ ನಾಲ್ಕು ಮನೆಯವರೂ ಸೇರಿ ಎರಡು ತಿಂಗಳು ಸಂಬಳ ಕೊಟ್ಟು, ಅವಳ ಜಾಗವನ್ನು ಅವಳಿಗಾಗಿಯೇ ಇಟ್ಟರೆ, ಯಾವ ಮನೆಗೂ ಅದು ಭಾರವಾಗದು. ಹೊರೆಯನ್ನು ಹಂಚಿಕೊಂಡರೆ ಬಸುರಿಯ ನೌಕರಿ ಉಳಿಯುತ್ತದೆ ಎಂಬುದನ್ನು ತೊಂಬತ್ತು ವರ್ಷಗಳಿಗೂ ಮೀರಿದ ಈ ಇತಿಹಾಸವೇ ನಮಗೆ ತೋರಿಸಿಕೊಟ್ಟಿದೆ. ಅದನ್ನು ನಮ್ಮ ಮಹಡಿಯಿಂದಲೇ ಆರಂಭಿಸಲು ಯಾವ ಶಾಸನಸಭೆಯ ಒಪ್ಪಿಗೆಯೂ ಬೇಕಾಗಿಲ್ಲ.